ಇಂಜೆಕ್ಷನ್ ಬೇಡ ಎಂದವರು

ಸೇಡಂನ ಆಸ್ಪತ್ರೆಯೊಂದರಲ್ಲಿ, ಆಪರೇಷನ್ ಆದವರ ವಾರ್ಡಿನಲ್ಲಿ ನಾನು ನರ್ಸ್. ನರಳುವವರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಎಲ್ಲಿ ನೋವು, ಎಂಥ ನೋವು ಅಂತ ಅವರೇ ಹೇಳುತ್ತಾರೆ. ಸುಮ್ಮನೆ ಮಲಗಿದವರ ಹತ್ತಿರ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ.

ಶಹಾಬಾದಿನ ಒಬ್ಬ ಹಿರಿಯರು ಹಾಗಿದ್ದರು. ಬಹಳ ವರ್ಷ ನೆಲಕ್ಕೆ ಹಾಸುವ ಫರಸಿಕಲ್ಲಿನ ಖಣಿಯಲ್ಲಿ ದುಡಿದವರು. ಸೇಡಂನ ಮಗಳ ಮನೆಗೆ ಬಂದಿದ್ದಾಗ ಹರ್ನಿಯಾ ಜೋರಾಗಿ, ನಮ್ಮಲ್ಲಿ ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ಕೇಳಿದೆ.

"ನೋವು ಅದ ಏನ್ರಿ ಕಾಕಾ?"

"ಇಲ್ಲವ್ವ. ಆರಾಮ ಅದೀನಿ."

ಆದರೆ ಅವರ ಕೈ ಮಂಚದ ಸರಳನ್ನು ಬಿಗಿಯಾಗಿ ಹಿಡಿದಿತ್ತು. ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತಿತ್ತು. ಗಂಟಲಲ್ಲಿ ಕಫ ಗರಗರ ಅಂದರೂ ಕೆಮ್ಮುತ್ತಿರಲಿಲ್ಲ. ಇಂಜೆಕ್ಷನ್ ತಂದರೆ ತೋಳು ಹಿಂದಕ್ಕೆ ಎಳೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಮೈ ಬೆಚ್ಚಗಾಯಿತು. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ನೋವಿಗೆ ಹೆದರಿ ಪೂರ್ತಿ ಉಸಿರು ತೆಗೆದುಕೊಳ್ಳುತ್ತಿಲ್ಲ, ಹೀಗೇ ಬಿಟ್ಟರೆ ಕಫ ಕಟ್ಟುತ್ತದೆ ಎಂದರು.

ಡಾಕ್ಟರು ಹೋದ ಮೇಲೆ ನಾನು ಸ್ಟೂಲು ಎಳೆದುಕೊಂಡು ಕೂತೆ. ಮಗಳು ಕಾಲ ಕಡೆ ನಿಂತಿದ್ದಳು.

"ಇಂಜೆಕ್ಷನ್ ಯಾಕ ಬ್ಯಾಡ ಅಂತೀರಿ?"

"ನಮ್ಮಕಿಗೆ, ಈಕಿ ಅವ್ವಗ, ಕ್ಯಾನ್ಸರ್ ಆಗಿತ್ತು. ಕಡೀ ದಿನದಾಗ ನೋವಿಗಂತ ಸೂಜಿ ಹಾಕತಿದ್ರು. ಆಕಿ ನನ್ನ ಮುಖ ನೋಡಿ, ನೀವು ಯಾರ್ರಿ ಅಂದಳು. ಸೂಜಿ ಅಂದ್ರ ಅದ ನೆನಪಾಗತದ."

ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಪ್ಪಾ, ನಮಗ ಇದು ಹೇಳೇ ಇಲ್ಲಲ್ಲ," ಅಂದಳು.

ಆಕೆಯ ರೋಗವೇ ಬೇರೆ, ಈ ಔಷಧಿಯೂ ಬೇರೆ, ಇದಕ್ಕೆ ಮಂಪರು ಬರುವುದಿಲ್ಲ ಎಂದು ಹೇಳಿದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಆಮೇಲೆ ತಾವೇ ಒಂದು ಷರತ್ತು ಹಾಕಿದರು.

"ಸೂಜಿ ಹಾಕಿದ ಮ್ಯಾಲ ಸೇಡಂದಿಂದ ನಮ್ಮೂರ ತನಕ ರೈಲಿನ ಸ್ಟೇಷನ್ ಕೇಳ್ರಿ. ತಪ್ಪಿದ್ರ ಇನ್ನೊಮ್ಮೆ ಹಾಕಬ್ಯಾಡ್ರಿ."

ಒಪ್ಪಿದೆ. ಇಂಜೆಕ್ಷನ್ ಕೊಟ್ಟು ಬೇರೆ ಹಾಸಿಗೆಗಳನ್ನು ನೋಡಿಕೊಂಡು ವಾಪಸ್ ಬಂದೆ.

"ಹೇಳ್ರಿ ಕಾಕಾ."

"ಮಳಖೇಡ ರೋಡ್, ಚಿತ್ತಾಪುರ, ವಾಡಿ, ಆಮ್ಯಾಲ ನಮ್ಮ ಶಹಾಬಾದ."

ಅಷ್ಟೊತ್ತಿಗೆ ಸರಳು ಹಿಡಿದ ಕೈ ಸಡಿಲಾಗಿತ್ತು. ಹೊಟ್ಟೆಗೆ ದಿಂಬು ಒತ್ತಿ ಹಿಡಿಸಿ ಕೆಮ್ಮಲು ಹೇಳಿದೆ. ಮುಖ ಕಿವಿಚಿಕೊಂಡೇ ಕೆಮ್ಮಿದರು. ಕಫ ಬಂತು. ಸಂಜೆ ಮಗಳ ಹೆಗಲು ಹಿಡಿದು ಬಾಗಿಲ ತನಕ ನಡೆದರು. ಮುಂದಿನ ಇಂಜೆಕ್ಷನ್‌ಗೆ ತಾವಾಗಿ ತೋಳು ಚಾಚಿದರು. ಸ್ಟೇಷನ್ ಮಾತ್ರ ಪ್ರತಿ ಸಲವೂ ಕೇಳಲೇಬೇಕು ಎಂದರು. ಜ್ವರ ಇಳಿಯಿತು, ಮನೆಗೆ ಕಳಿಸಿದೆವು.

ಹೊಲಿಗೆ ತೆಗೆಸಲು ಬಂದಾಗ ಮೊಮ್ಮಗಳೂ ಜೊತೆಗಿದ್ದಳು. ಭಾರ ಎತ್ತಬಾರದು ಎಂದೆ.

"ಇಕಿನ್ನ?" ಎಂದು ಮೊಮ್ಮಗಳನ್ನು ತೋರಿಸಿದರು.

"ಈಗ ಬ್ಯಾಡ್ರಿ. ಕುಂತು ತೊಡಿ ಮ್ಯಾಲ ಕುಂದರಿಸಿಕೊಳ್ರಿ."

ಅವರು ಅಲ್ಲೇ ಬೆಂಚಿನ ಮೇಲೆ ನಿಧಾನ ಕೂತು ಮಗುವನ್ನು ಕರೆದರು.