ಒಳ್ಳೆ ನೀರು

"ಮಗ್ಗ ಬಿಟ್ಟು ಮೀನು ಸಾಕ್ತೀಯಾ? ಮೂರು ತಿಂಗ್ಳೂ ತಡೆಯಲ್ಲ ನೀನು" ಅಂದವರು ನಮ್ಮ ಭಾವ. ಮೂರನೇ ತಿಂಗಳಲ್ಲೇ ಧರ್ಮಪುರಿಯ ಒಂದು ಆಸ್ಪತ್ರೆಯಿಂದ ಫೋನ್ ಬಂತು. ನಾನು ಜೋಡಿಸಿಕೊಟ್ಟ ಮೊದಲ ದೊಡ್ಡ ಮೀನಿನ ಟ್ಯಾಂಕ್ ಅಲ್ಲಿತ್ತು. ಮೀನೆಲ್ಲ ಮೇಲಕ್ಕೆ ಬಂದು ಬಾಯಿ ಬಿಡುತ್ತಿವೆಯಂತೆ. ಅವು ಸತ್ತರೆ ಇನ್ನೊಂದು ಟ್ಯಾಂಕ್ ಯಾರೂ ನನ್ನ ಕೈಗೆ ಕೊಡುವುದಿಲ್ಲ. ಸಿಕ್ಕಿದ ಬಸ್ಸು ಹತ್ತಿ ಹೋದೆ.

ನೀರು ಬದಲಾಯಿಸಿದ್ದು ಅಲ್ಲಿನ ವಾಚ್‌ಮನ್ ತಾತ.

"ಯಾವ ನೀರು ಆಕಿದ್ರಿ ತಾತಾ?"

"ಕ್ಯಾನ್ ನೀರು ಕಣಮ್ಮಾ. ಡಾಕ್ಟ್ರು ಕುಡಿಯೋದೂ ಅದೇ. ಒಳ್ಳೆ ನೀರು ಆಕಿ ಅಂತ ನೀನೇ ಏಳ್ದಲ್ಲಾ."

ಹೇಳಿದ್ದೆ. ನಮ್ಮ ಕಡೆ ಕುಡಿಯುವ ನೀರಿಗೆ ಒಳ್ಳೆ ನೀರು ಅಂತಾರೆ, ಬೋರಿನದಕ್ಕೆ ಉಪ್ಪು ನೀರು. ಕೊಳೆಯಿಲ್ಲದ ಬೋರ್ ನೀರು ಅಂತ ನನ್ನ ಮನಸ್ಸಿನಲ್ಲಿತ್ತು, ಬಾಯಲ್ಲಿ ಬರಲಿಲ್ಲ. ಕ್ಯಾನಿನಲ್ಲಿ ಬರುವಂಥ ಶುದ್ಧ ಮಾಡಿದ ನೀರಿನಲ್ಲಿ ಮೀನಿಗೆ ಬೇಕಾದ ಲವಣವೇ ಇರುವುದಿಲ್ಲ ಅಂತ ಪುಸ್ತಕದಲ್ಲಿ ಓದಿಯೂ ಇದ್ದೆ.

"ಬೇಗ ಉಪ್ಪು ನೀರು ತನ್ನಿ" ಅಂದೆ.

ತಾತ ಬಕೆಟ್ ಹಿಡಿದು ನಿಂತೇ ಇದ್ದರು. "ಪೂರಾ ಸಾಯಿಸ್ಬುಡ್ತೀಯಾ ಏನಮ್ಮಾ?"

ಆ ಭಯ ನನಗೂ ಇತ್ತು. ಒಮ್ಮೆಲೇ ಸುರಿದರೂ ಸಾಯುತ್ತವೆ. ಬೋರ್ ನೀರು ತರಿಸಿ ಲೋಟ ಲೋಟವಾಗಿ ಹಾಕುತ್ತಾ ಸಂಜೆವರೆಗೆ ಕೂತೆ. ಒಂದು ಮೀನು ಮಗುಚಿಕೊಂಡಿತು, ಆಮೇಲೆ ಇನ್ನೊಂದು. ಮಿಕ್ಕ ಒಂಬತ್ತು ಮೆಲ್ಲಗೆ ಕೆಳಗಿಳಿದು ಈಜತೊಡಗಿದವು.

"ಅಂಗಾದ್ರೆ ಉಪ್ಪು ನೀರೇ ಒಳ್ಳೆ ನೀರಾ?" ಅಂದರು ತಾತ.

ಇವತ್ತು ಓಮಲೂರಿನಲ್ಲಿ ನನ್ನ ಹೆಸರಿನ ಅಂಗಡಿ ಇದೆ, ಅದರಲ್ಲಿ ಹದಿನಾಲ್ಕು ಟ್ಯಾಂಕ್. ಅದಕ್ಕೆ ನಾನು ತೆತ್ತದ್ದು ಎರಡು ಮೀನು, ಜೊತೆಗೆ ಒಂದು ಮಾತು. ಒಳ್ಳೆ ನೀರು ಹಾಕಿ ಅಂತ ಯಾರಿಗೂ ಹೇಳುವುದಿಲ್ಲ.