ಗಂಗಾಲಕ್ಷ್ಮಿಯವರ ಕಪ್ಪು ಚಾಕುಗಳು

ಕಳ್ಳಂಬೆಳ್ಳದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಗಂಗಾಲಕ್ಷ್ಮಿ ಜಗುಲಿಯ ಮೇಲೆ, ಬಲ್ಬಿನ ಕೆಳಗೆ ಕೂತು ಸುತ್ತಿಟ್ಟ ಕಂಬಳಿಯ ತುಂಡೊಂದನ್ನು ಬಿಚ್ಚುತ್ತಿದ್ದಾರೆ. ಒಳಗಿನಿಂದ ಒಂದೊಂದಾಗಿ ಏಳು ಚಾಕುಗಳು ಹೊರಬರುತ್ತವೆ. ಯಾವುದೂ ಹೊಳೆಯುವುದಿಲ್ಲ. ಅಲಗೆಲ್ಲ ಬೂದು ಮಿಶ್ರಿತ ಕಪ್ಪು, ಅಂಚಿನಲ್ಲಿ ಮಾತ್ರ ದಾರದಷ್ಟು ಸಣ್ಣ ಬಿಳಿ ಗೆರೆ. ಹಳೆಯ ಪಂಚೆಯ ತುಂಡಿನಿಂದ ಅಲಗನ್ನು ಒರೆಸಿ, ಆ ಬಟ್ಟೆಯನ್ನು ಬಲ್ಬಿಗೆ ಹಿಡಿದು ನೋಡುತ್ತಾರೆ. ತುಕ್ಕಿನ ಕೆಂಪು ಹತ್ತಿಲ್ಲ. ಚಾಕು ಕೆಳಗಿಟ್ಟು ಮುಂದಿನದನ್ನು ಎತ್ತಿಕೊಳ್ಳುತ್ತಾರೆ.

ಮೊದಲೆಲ್ಲ ಬಟ್ಟೆ ಬೇಕಿರಲಿಲ್ಲ, ಹೆಬ್ಬೆರಳು ಸವರಿದರೆ ಸಾಕಿತ್ತು. ಸಕ್ಕರೆ ಕಾಯಿಲೆಯಿಂದ ಈಗ ಬೆರಳ ತುದಿಗಳಿಗೆಲ್ಲ ಜೋಮು. ಹಿಂದೊಮ್ಮೆ ಬದನೆಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡದ್ದು ಅವರಿಗೆ ಗೊತ್ತಾದದ್ದು ಹೋಳು ಹಾಕಿದ್ದ ನೀರು ಕೆಂಪಾದ ಮೇಲೆ. ಆದ್ದರಿಂದ ಪಕ್ಕದಲ್ಲಿ ಸೊಸೆ ಅಶ್ವಿನಿ ಕೂತಿದ್ದಾರೆ. ಅತ್ತೆ ನೋಡಿ ಕೆಳಗಿಟ್ಟ ಚಾಕುವನ್ನು ಎತ್ತಿಕೊಂಡು, ಹರಳೆಣ್ಣೆಯಲ್ಲಿ ಅದ್ದಿದ ಕುರಿಯುಣ್ಣೆಯ ಉಂಡೆಯಿಂದ ಸವರುವುದು ಅವರ ಕೆಲಸ. ಚಾಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ನೇರವಾಗಿ ಹೋಗುವುದಿಲ್ಲ. ಹಾಗೆ ಕೊಟ್ಟರೆ ಜಗಳ ಬರುತ್ತದೆಂದು ಈ ಕಡೆಯ ನಂಬಿಕೆ. ಅತ್ತೆ ನೆಲಕ್ಕಿಡಬೇಕು, ಸೊಸೆ ನೆಲದಿಂದಲೇ ಎತ್ತಿಕೊಳ್ಳಬೇಕು.

ಗಂಗಾಲಕ್ಷ್ಮಿ ಶಿರಾದ ಅಡುಗೆ ಕಾಂಟ್ರಾಕ್ಟರ್ ನಾಗಭೂಷಣ್ ಅವರ ತಂಡದಲ್ಲಿ ತರಕಾರಿ ಹೆಚ್ಚುತ್ತಿದ್ದವರು. ಮದುವೆ, ನಾಮಕರಣ, ಗೃಹಪ್ರವೇಶ ಎಂದು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳಲ್ಲಿ ಅವರು ಕೂತು ಹೆಚ್ಚದ ಛತ್ರ ಕಡಿಮೆ. ದೊಡ್ಡ ಮದುವೆಯಾದರೆ ಈರುಳ್ಳಿಯೇ ಎರಡು ಮೂಟೆ. ಊಟ ಚೆನ್ನಾಗಿತ್ತೆಂದು ಹೇಳಲು ಜನ ಅಡುಗೆಯವರನ್ನು ಹುಡುಕಿಕೊಂಡು ಬರುತ್ತಾರೆ, ಹೆಚ್ಚಿದವರನ್ನು ಯಾರೂ ಕೇಳುವುದಿಲ್ಲ. ಕೆಲಸ ಮುಗಿದ ಮೇಲೆ ತಂಡದ ಚಾಕುಗಳನ್ನು ಅಲ್ಲಿಲ್ಲಿ ಬಿಟ್ಟುಹೋಗುವವರೇ ಹೆಚ್ಚು. ಎತ್ತಿಟ್ಟುಕೊಂಡವರು ಇವರು, ಹಾಗೆಯೇ ಜವಾಬ್ದಾರಿಯೂ ಇವರದಾಯಿತು. ಮಧುಗಿರಿಯ ಕಮ್ಮಾರರೊಬ್ಬರು ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ಮಾಡಿದ ಚಾಕುಗಳಿವು. ಆ ಕಮ್ಮಾರರು ಈಗಿಲ್ಲ, ಅವರ ಕುಲುಮೆಯೂ ಇಲ್ಲ.

ಗಂಗಾಲಕ್ಷ್ಮಿಯವರ ಗಂಡ ಮುದ್ದಪ್ಪ ಕುರಿ ಮೇಯಿಸುತ್ತಾರೆ. ಚಾಕುಗಳ ಬಗ್ಗೆ ವಿಚಾರಿಸಿದವರಿಗೆ ಗಂಗಾಲಕ್ಷ್ಮಿ ಕೊಡುವ ಹೋಲಿಕೆಯೂ ಅಲ್ಲಿಂದಲೇ ಬರುತ್ತದೆ. “ಸ್ಟೀಲ್ ಚಾಕು ಎಮ್ಮೆ ಇದ್ದಂಗೆ, ದಿನವೆಲ್ಲ ನೀರಲ್ಲಿ ಬಿದ್ದಿದ್ರೂ ಅದಕ್ಕೇನಾಗಲ್ಲ. ಇದು ಕುರಿ ಕಣಮ್ಮ. ನೆಂದ್ರೆ ಸೀತ ಹಿಡಿಯುತ್ತೆ.”

ಟೊಮೆಟೊ, ನಿಂಬೆ, ಮಾವಿನಕಾಯಿ ಹೆಚ್ಚಿದರೆ ಮುಂದಿನ ತರಕಾರಿಗೆ ಕೈ ಹಾಕುವ ಮೊದಲೇ ಅಲಗನ್ನು ಒರೆಸಬೇಕು. ತೊಳೆಯುವ ಪಾತ್ರೆಗಳ ರಾಶಿಗೆ ಚಾಕುವನ್ನು ಹಾಕುವಂತಿಲ್ಲ. ತೊಳೆದ ಕೂಡಲೇ ಒರೆಸಿ, ಒಲೆಯ ಪಕ್ಕದ ಬೆಚ್ಚಗಿನ ಜಾಗದಲ್ಲಿ ಸ್ವಲ್ಪ ಹೊತ್ತಿಟ್ಟು, ಎಣ್ಣೆ ಸವರಿ ಸುತ್ತಿಡಬೇಕು. ಅಲಗಿನ ಮೇಲಿನ ಕಪ್ಪು ಕೊಳೆಯಲ್ಲ. ವರ್ಷಗಟ್ಟಲೆ ಈರುಳ್ಳಿ, ಬದನೆಕಾಯಿಯ ರಸ ತಾಗಿ ತಾಗಿ ಕಟ್ಟಿದ ಪೊರೆ ಅದು. ಆ ಪೊರೆ ಇರುವವರೆಗೆ ತುಕ್ಕು ಸುಲಭಕ್ಕೆ ಹತ್ತುವುದಿಲ್ಲ, ತರಕಾರಿಗೆ ಕಬ್ಬಿಣದ ರುಚಿಯೂ ಬರುವುದಿಲ್ಲ.

ಕಳೆದ ಆಯುಧಪೂಜೆಯಲ್ಲಿ ಆ ಪೊರೆ ಹೋಯಿತು.

ಪ್ರತಿ ವರ್ಷ ಹಬ್ಬದ ದಿನ ಮನೆಯವರು ಏಳುವ ಮೊದಲೇ ಗಂಗಾಲಕ್ಷ್ಮಿ ಚಾಕುಗಳಿಗೆ ದಪ್ಪಗೆ ಎಣ್ಣೆ ಬಳಿದು, ಮರದ ಹಿಡಿಕೆಗಷ್ಟೇ ಕುಂಕುಮ ಹಚ್ಚಿ ಪೂಜೆಗೆ ಇಡುತ್ತಿದ್ದರು. ಆ ಸಲ ಕಾಲಿನ ಗಾಯಕ್ಕಾಗಿ ಆಸ್ಪತ್ರೆ ಸೇರಿದ್ದರು. ಅಶ್ವಿನಿ ಮದುವೆಯಾಗಿ ಬಂದ ಮೇಲಿನ ಮೊದಲ ಹಬ್ಬ ಅದು. ಅತ್ತೆ ಇಲ್ಲದಾಗ ಯಾವುದಕ್ಕೂ ಕಮ್ಮಿಯಾಗಬಾರದೆಂದು ಹಿತ್ತಾಳೆ ದೀಪ, ತಾಮ್ರದ ಬಿಂದಿಗೆಗಳ ಜೊತೆ ಚಾಕುಗಳನ್ನೂ ಹುಣಸೆಹಣ್ಣು, ಬೂದಿ ಹಾಕಿ ಬೆಳ್ಳಗಾಗುವಂತೆ ಉಜ್ಜಿದರು. ನೀರಲ್ಲಿ ಕಲಸಿದ ಅರಿಶಿನ ಕುಂಕುಮವನ್ನು ಅಲಗಿಗೆ ಹಚ್ಚಿ, ಕೊಯ್ದ ನಿಂಬೆಹಣ್ಣನ್ನು ಅದರ ಮೇಲೆಯೇ ಇಟ್ಟರು. ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ಕದಲಿಸುವ ಹಾಗಿಲ್ಲ.

“ಬೆಳಗ್ಗೆ ನೋಡಿದ್ರೆ ಕುಂಕುಮ ಇಡ್ದೆ ಇದ್ದ ಕಡೆಲೂ ಕುಂಕುಮ ಇಟ್ಟಂಗೆ ಕೆಂಪಗಿತ್ತು ಕಣಕ್ಕ,” ಎನ್ನುತ್ತಾ ಅಶ್ವಿನಿ ನೆಲದಿಂದ ಮುಂದಿನ ಚಾಕು ಎತ್ತಿಕೊಳ್ಳುತ್ತಾರೆ.

ತುಕ್ಕನ್ನು ಕಲ್ಲಿನಲ್ಲಿ ಉಜ್ಜಿ ತೆಗೆದದ್ದಾಯಿತು. ಆದರೆ ಬೋಳಾದ ಅಲಗುಗಳು ಹಬ್ಬದ ನಂತರದ ಮೊದಲ ಮದುವೆಯಲ್ಲೇ ಕೈಕೊಟ್ಟವು. ಮೊಸರುಬಜ್ಜಿಗೆ ಹೆಚ್ಚಿಟ್ಟ ಈರುಳ್ಳಿ ಕಬ್ಬಿಣ ತಾಗಿ ಕಪ್ಪಾಯಿತು. ಹೆಣ್ಣಿನ ಕಡೆಯವರು ಹಳಸಿದ್ದೆಂದು ಪಾತ್ರೆಯನ್ನೇ ವಾಪಸ್ ಕಳಿಸಿದರು. ನಾಗಭೂಷಣ್ ಕೂಗಾಡಲಿಲ್ಲ. ಮಾರನೆಯ ದಿನ ಸ್ಟೀಲ್ ಚಾಕುಗಳ ಹೊಸ ಬಾಕ್ಸೊಂದನ್ನು ತಂದು ವ್ಯಾನಿನಲ್ಲಿಟ್ಟರು. ಇನ್ನೊಂದು ಸಲ ಹೀಗಾದರೆ ಹಳೆಯವನ್ನು ಗುಜರಿಗೆ ಹಾಕುವುದಾಗಿ ಹೇಳಿದರು. ಜೋಮು ಹಿಡಿದ ಕೈಯಲ್ಲಿ ಗಂಗಾಲಕ್ಷ್ಮಿ ಈಗ ಹೆಚ್ಚುವುದಿಲ್ಲ. ಚಾಕು ನೋಡಿಕೊಳ್ಳುವುದೊಂದೇ ತಂಡದಲ್ಲಿ ಅವರಿಗೆ ಉಳಿದಿರುವ ಕೆಲಸ. ಚಾಕುಗಳು ಗುಜರಿಗೆ ಹೋದರೆ ಅದೂ ಹೋದಂತೆ.

ಸೊಸೆಯನ್ನು ಬೈಯಲಿಲ್ಲವೇ ಎಂದು ಕೇಳಿದರೆ ಗಂಗಾಲಕ್ಷ್ಮಿ ಒರೆಸುವ ಬಟ್ಟೆಯನ್ನು ಮಡಿಚಿ ಪಕ್ಕಕ್ಕಿಡುತ್ತಾರೆ. “ಏನಂತ ಬೈಯ್ಲಿ? ಎಲ್ರೂ ಏಳೋದ್ರೊಳ್ಗೆ ನಾನೇ ಎಲ್ಲಾ ಮುಗಿಸ್ಬುಡ್ತಿದ್ದೆ. ಇಂಗೆ ಮಾಡ್ಬೇಕು ಅಂತ ಒಬ್ರಿಗೂ ತೋರ್ಸಿಲ್ಲ. ಆ ಹುಡ್ಗಿ ನೋಡಿದ್ದಿದ್ರೆ ತಾನೆ ಗೊತ್ತಾಗೋದು?”

ಅಲ್ಲಿಂದ ಇಬ್ಬರೂ ಸೇರಿ ಕಪ್ಪನ್ನು ಮತ್ತೆ ಕಟ್ಟಿಸಲು ಕೂತರು. ಅದಕ್ಕೆ ಅಡ್ಡದಾರಿ ಇಲ್ಲ. ದಿನವೂ ಹೆಚ್ಚಬೇಕು, ಹೆಚ್ಚಿದ ಕೂಡಲೇ ಒರೆಸಬೇಕು, ಎಣ್ಣೆ ಸವರಬೇಕು. ಒಂದು ದಿನ ಬಿಟ್ಟರೆ ಕೆಂಪು ಚುಕ್ಕೆ ಇಣುಕುತ್ತದೆ. ಮನೆಯಲ್ಲಿ ಈರುಳ್ಳಿ, ಬದನೆಕಾಯಿ ಬಿಟ್ಟು ಬೇರೆ ಪಲ್ಯವೇ ಇರಲಿಲ್ಲವಂತೆ. ಗಂಗಾಲಕ್ಷ್ಮಿಯವರ ಮಗ, ಅಶ್ವಿನಿಯ ಗಂಡ ಯೋಗೀಶ ಹಲ್ಲುಜ್ಜುತ್ತಾ ಅಂಗಳದಿಂದಲೇ ಮಾತು ಸೇರಿಸುತ್ತಾರೆ. “ಬೇರೆ ಮನೇಲಿ ಜನ ಉಂಡು ಮಿಕ್ಕಿದ್ದು ನಾಯಿಗೆ ಹಾಕ್ತಾರೆ. ನಮ್ಮನೇಲಿ ಚಾಕು ಉಂಡು ಮಿಕ್ಕಿದ್ದು ನನಗೆ.”

“ತಿಂದು ದಪ್ಪ ಆಗಿದೀಯಲ್ಲ, ಸುಮ್ನೆ ಹೋಗಲೇ,” ಎಂದು ತಾಯಿ ಗದರುತ್ತಾರೆ. ಅಶ್ವಿನಿ ಮೊದಲ ಸಲ ನಗುತ್ತಾರೆ.

ಅಷ್ಟರಲ್ಲಿ ವ್ಯಾನು ಬರುತ್ತದೆ. ಇಂದು ಸಂಜೆ ಕೊರಟಗೆರೆಯ ಛತ್ರವೊಂದರಲ್ಲಿ ಆರತಕ್ಷತೆ, ಅಲ್ಲೂ ಮೊಸರುಬಜ್ಜಿ ಇದೆ. ಪೊರೆ ಕಟ್ಟಿದ ಮೇಲೆ ಈ ಚಾಕುಗಳಿಗೆ ಇದೇ ಮೊದಲ ದೊಡ್ಡ ಕೆಲಸ. ಸ್ಟೀಲ್ ಚಾಕುಗಳ ಬಾಕ್ಸು ಹಿಂದಿನ ಸೀಟಿನ ಮೇಲಿದೆ. ಗಂಗಾಲಕ್ಷ್ಮಿ ಅದರ ಪಕ್ಕದಲ್ಲೇ ಕೂತು, ಕಂಬಳಿಯ ಗಂಟನ್ನು ಮಡಿಲಲ್ಲಿಟ್ಟುಕೊಳ್ಳುತ್ತಾರೆ.

ಛತ್ರದ ಅಡುಗೆಮನೆಯಲ್ಲಿ, ಈಗ ಅತ್ತೆಯ ಬದಲು ಹೆಚ್ಚಲು ಬರುವ ಅಶ್ವಿನಿ ಚಾಕುವಿನ ಎಣ್ಣೆ ಒರೆಸಿ ಈರುಳ್ಳಿಗೆ ಕೂರುತ್ತಾರೆ. ಅತ್ತೆ ಬಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದಾರೆ. ಬೋಗುಣಿ ತುಂಬಿದಾಗ ನಾಗಭೂಷಣ್ ಬಂದು ಒಂದು ಹಿಡಿ ಈರುಳ್ಳಿ ಎತ್ತಿ ನೋಡಿ, ಹಾಗೇ ವಾಪಸ್ ಹಾಕಿ ಹೋಗುತ್ತಾರೆ. ಈರುಳ್ಳಿ ಕಪ್ಪಾಗುವುದಿದ್ದರೆ ತಕ್ಷಣ ಗೊತ್ತಾಗುವುದಿಲ್ಲ, ಸ್ವಲ್ಪ ಹೊತ್ತು ಬೇಕು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಅಶ್ವಿನಿ ಬೇರೆ ತರಕಾರಿ ಮುಗಿಸುತ್ತಾರೆ, ಆದರೆ ಕಣ್ಣು ಮತ್ತೆ ಮತ್ತೆ ಆ ಬೋಗುಣಿಯ ಕಡೆಗೇ ಹೋಗುತ್ತದೆ. ಗಂಗಾಲಕ್ಷ್ಮಿ ಮಾತ್ರ ಅತ್ತ ನೋಡುವುದೇ ಇಲ್ಲ. ಸೊಸೆಯ ಬೆರಳುಗಳನ್ನಷ್ಟೇ ನೋಡುತ್ತಾರೆ.

ಸಾರಿಗೆ ಒಗ್ಗರಣೆ ಬಿದ್ದ ಮೇಲೆ ನಾಗಭೂಷಣ್ ಮತ್ತೆ ಬರುತ್ತಾರೆ. ಅದೇ ಬೋಗುಣಿಗೆ ತಳದವರೆಗೂ ಕೈ ಹಾಕಿ ಈರುಳ್ಳಿಯನ್ನು ತಿರುವಿ ನೋಡುತ್ತಾರೆ. ಬಿಳುಪು ಕೆಟ್ಟಿಲ್ಲ. ಒಂದು ಚೂರು ಬಾಯಿಗೆ ಹಾಕಿಕೊಂಡು, “ಗಂಗಕ್ಕ, ಆ ಸ್ಟೀಲ್ ಚಾಕು ಬಾಕ್ಸು ನಮ್ಮನೆಗೆ ತಗೊಂಡೋಗ್ತೀನಿ, ವ್ಯಾನಲ್ಲಿ ಸುಮ್ನೆ ಜಾಗ ಹಿಡಿಯುತ್ತೆ,” ಎನ್ನುತ್ತಾರೆ. ನಂತರ ಮೊಸರು ಬಂತೇ ಎಂದು ವಿಚಾರಿಸುತ್ತಾ ಹೊರನಡೆಯುತ್ತಾರೆ.

ಗಂಗಾಲಕ್ಷ್ಮಿ ಗಂಟಿನಿಂದ ಎಲ್ಲಕ್ಕಿಂತ ದೊಡ್ಡ ಚಾಕುವನ್ನು ತೆಗೆಯುತ್ತಾರೆ. ಕೈಯಲ್ಲಿ ಕಸುವಿದ್ದ ಕಾಲದಲ್ಲಿ ತಾವೊಬ್ಬರೇ ಹಿಡಿಯುತ್ತಿದ್ದ, ಬೇರೆ ಯಾರಿಗೂ ಕೊಡದ ಚಾಕು ಅದು. ಅದನ್ನು ಸೊಸೆಯ ಮುಂದೆ ನೆಲದ ಮೇಲಿಡುತ್ತಾರೆ. ಅಶ್ವಿನಿ ಸೆರಗಿಗೆ ಕೈ ಒರೆಸಿಕೊಂಡು ಎತ್ತಿಕೊಳ್ಳುತ್ತಾರೆ.

ಮುಂದೆ ಏನಾಸೆ ಎಂದು ಕೇಳಿದರೆ ಗಂಗಾಲಕ್ಷ್ಮಿ ಹೇಳುವುದು ಇಷ್ಟೇ. “ಬರೋ ಆಯುಧಪೂಜೆ ದಿನ ಚಾಕು ಅಶ್ವಿನಿಗೆ ಬಿಟ್ಟು ಬಿಸ್ಲು ಬರೋಗಂಟ ಮಲಗಿರ್ಬೇಕು ಕಣಮ್ಮ. ಎಚ್ಚರ ಅಂತೂ ಆಗೇ ಆಗುತ್ತೆ. ಆದ್ರೂ ಏಳಲ್ಲ.”