‘ವ’ ಕಪಾಟಿನಲ್ಲಿ ಸಿಗದ ಹಾಡು

ಕುಶಿರೊ ಬಂದರಿನ ಹಿಂದುಗಡೆ, ಮೀನು ಹರಾಜು ಕಟ್ಟೆಯಿಂದ ಎರಡು ಬೀದಿ ಆಚೆ, ಅಕ್ಕಿ ಅಂಗಡಿಯೊಂದರ ಮಹಡಿಯ ಮೇಲೆ ಕಿನುಯೊ ಇಪ್ಪತ್ತೊಂದು ವರ್ಷ ಕೆಲಸ ಮಾಡಿದಳು. ಅದು ತಂತಿಯ ಮೂಲಕ ಹಾಡು ಕಳಿಸುವ ಕಂಪನಿ. ಊರಿನ ಹೋಟೆಲು, ಕ್ಷೌರದಂಗಡಿ, ಸ್ನಾನದ ಮನೆ, ಹೆಂಡದಂಗಡಿಗಳ ಗೋಡೆಗಳಲ್ಲಿ ಕಂಪನಿಯ ಪೆಟ್ಟಿಗೆಗಳು ಹಾಡುತ್ತಿದ್ದವು. ಯಾರಿಗೆ ಯಾವ ಹಾಡು ಬೇಕೋ ಅವರು ಫೋನು ಮಾಡುವುದು; ಮಹಡಿಯ ಮೇಲಿನ ಹೆಂಗಸರು ಕಪಾಟಿನತ್ತ ಓಡಿ, ರೆಕಾರ್ಡು ಎಳೆದು ತಂದು ಸೂಜಿ ಇಡುವುದು.

ಕಪಾಟುಗಳೆಲ್ಲ ಹಾಡಿನ ಹೆಸರಿನ ಮೊದಲ ಅಕ್ಷರದ ಮೇಲೆ. ಅ, ಕ, ಸ, ತ, ನ, ಹ, ಮ, ಯ, ರ, ವ ಎಂದು ಜಪಾನಿನ ಮಕ್ಕಳು ಶಾಲೆಯಲ್ಲಿ ಒಪ್ಪಿಸುವ ಕ್ರಮದಲ್ಲೇ. ಸೇರಿದ ಒಂದೇ ವರ್ಷದಲ್ಲಿ ಕಿನುಯೊಗೆ ಆ ಕಪಾಟುಗಳು ಅಂಗೈ ರೇಖೆಯಷ್ಟು ಪರಿಚಯವಾದವು. ‘ನ’ ಕಪಾಟಿನ ಅರ್ಧವನ್ನು ಕಣ್ಣೀರೇ ತುಂಬಿತ್ತು. ಅವರ ಮಾತಿನಲ್ಲಿ ಕಣ್ಣೀರು ‘ನಮಿದಾ’. ‘ಮ’ ಕಪಾಟಿನಲ್ಲಿ ‘ಮಿನಾತೊ’ ಎಂಬ ಬಂದರುಗಳು, ‘ಯ’ದಲ್ಲಿ ‘ಯುಕಿ’ ಎಂಬ ಹಿಮ. ‘ರ’ ಬಡವರ ಮನೆಯ ಅಡುಗೆಕೋಣೆಯಂತೆ ಬಿಕೋ ಎನ್ನುತ್ತಿತ್ತು. ‘ವ’ ಎಲ್ಲಕ್ಕಿಂತ ಕೆಳಗೆ, ನೆಲಕ್ಕೆ ತಾಗಿ. ಅದನ್ನು ತೆಗೆಯಬೇಕಾದರೆ ಮಂಡಿಯೂರಬೇಕು.

ಕಿನುಯೊ ಹಗಲು ಪಾಳಿಯವಳು. ಅವಳು ಕಂಡುಕೊಂಡ ಸಂಗತಿಯೊಂದಿತ್ತು. ಅಂಗಡಿಗಳಿಗೆ ಕಂಪನಿ ಹಂಚುವ ಹಾಡುಪಟ್ಟಿಯ ಪುಸ್ತಕವನ್ನು ಜನ ಮೊದಲ ಪುಟದಿಂದ ತೆರೆಯುತ್ತಾರೆ, ಮೂರು ಹಾಳೆ ಮಗುಚುವಷ್ಟರಲ್ಲಿ ಬೇಸತ್ತು ಕಣ್ಣಿಗೆ ಬಿದ್ದದ್ದನ್ನು ಕೇಳುತ್ತಾರೆ. ಕೊನೆಯ ಪುಟದವರೆಗೆ ಹೋಗುವವರು ಯಾರೂ ಇಲ್ಲ. ಇದು ನಿಜವೇ ಆಗಿತ್ತು. ಆ ನಿಜವೇ ಅವಳ ಬಾಳಿಗೆ ಮುಳುವಾಯಿತು.

ಅವಳ ತಂಗಿ ಚಿಗುಸಾ ಹಾಡುಗಾರ್ತಿ. ಕಲ್ಲಿದ್ದಲ ಗಣಿಯ ಊರಿನಲ್ಲಿ, ಸಾಲುಮನೆಯಲ್ಲಿ ಬೆಳೆದ ಹುಡುಗಿಯರಿವರು. ಅಪ್ಪ ಗಣಿ ಕೆಲಸದವ; ತಾಯಿ ಬೇಗ ಹೋದಳು. ತಂಗಿಯ ಜಡೆ ಹೆಣೆದವಳು, ಬುತ್ತಿ ಕಟ್ಟಿದವಳು, ಹದಿನೆಂಟಕ್ಕೆ ಅವಳನ್ನು ಟೋಕಿಯೊ ರೈಲು ಹತ್ತಿಸಿದವಳು ಕಿನುಯೊ. ಆರು ವರ್ಷ ಚಿಗುಸಾ ಸಂಗೀತದ ಮೇಷ್ಟ್ರೊಬ್ಬರ ಮನೆಯಲ್ಲಿ ನೆಲ ಒರೆಸಿ, ಪಾಠ ಕಲಿತು, ಕೊನೆಗೂ ಒಂದು ರೆಕಾರ್ಡು ಮಾಡಿಸುವ ಹಂತಕ್ಕೆ ಬಂದಳು. ಹಾಡಿನ ಹೆಸರು ‘ವಾತಾಮುಶಿ’. ಮೊದಲ ಹಿಮ ಬೀಳುವ ಮುನ್ನ ಬಿಳಿ ನೂಲಿನ ಚೂರಿನಂತೆ ಗಾಳಿಯಲ್ಲಿ ತೇಲಿ ಬರುವ, ಮುಟ್ಟಿದರೆ ಸತ್ತುಹೋಗುವ ಸಣ್ಣ ಹುಳ ಅದು. ಪ್ರತಿ ಚರಣದ ಕೊನೆಗೂ ‘ವಾತಾಮುಶಿ, ವಾತಾಮುಶಿ’ ಎಂಬ ಪಲ್ಲವಿ.

ಆ ಬೇಸಿಗೆ ಚಿಗುಸಾ ಫೋನು ಮಾಡಿದಳು. ಅವಳಿಗೆ ಹಾಡು, ಅವಕಾಶ ಕೊಡಿಸುವ ದಳ್ಳಾಳಿ ಇವಾಬುಚಿ ಎಂಬಾತನೂ ಪಕ್ಕದಲ್ಲಿದ್ದ.

“ಅಕ್ಕಾ, ಹೆಸರು ಹೇಗಿದೆ ಹೇಳೇ.”

“ಚೆನ್ನಾಗೇನೋ ಇದೆ. ಆದ್ರೆ ‘ವ’ ಆಯ್ತಲ್ಲೇ. ಪುಸ್ತಕದ ಕಡೇ ಪುಟ. ಅಲ್ಲಿಗೆ ಯಾರ ಕೈನೂ ಹೋಗಲ್ಲ. ನಾನು ದಿನಾ ನೋಡ್ತೀನಿ.”

“ಮತ್ತೆ?”

“‘ಅ’ ಇಂದ ಶುರುವಾಗೋ ಹಾಗೆ ಇಟ್ಟುಬಿಡಿ. ಪಲ್ಲವಿ ಹಾಗೇ ಇರ್ಲಿ, ಹೆಸರು ಮಾತ್ರ ಬದಲಾಯ್ಸಿ.”

ಇವಾಬುಚಿ ಫೋನು ಕಿತ್ತುಕೊಂಡ. “ನೀವಮ್ಮಾ ಬುದ್ಧಿವಂತ್ರು! ಒಳಗೆ ಕೂತಿರೋರ ಮಾತು ಅಂದ್ರೆ ಇದು. ಇಲ್ಲಿರೋ ದೊಡ್ಡ ತಲೆಗಳಿಗೆ ಯಾರಿಗೂ ಹೊಳೀಲಿಲ್ಲ ನೋಡಿ.”

ಹೀಗೆ ‘ವಾತಾಮುಶಿ’ ಹೋಗಿ ‘ಆ, ಚಳಿಗಾಲದ ಬಾಗಿಲೇ’ ಎಂಬ ಅರ್ಥದ ಹೆಸರು ಬಂತು. ನಿಟ್ಟುಸಿರಿನ ‘ಆ’ ಅವರಲ್ಲೂ ‘ಆ’ ತಾನೇ. ಆ ದಿನವಿಡೀ ಕಿನುಯೊ ನೆಲದ ಮೇಲೆ ನಡೆಯಲಿಲ್ಲ.

ಅಕ್ಟೋಬರಿನಲ್ಲಿ ರೆಕಾರ್ಡು ಬಂತು. ಚಿಗುಸಾ ಊರೂರು ಅಲೆದು ಹಾಡುತ್ತ ಕುಶಿರೊಗೂ ಬಂದಳು. ರೈಲು ನಿಲ್ದಾಣದೆದುರಿನ ರೆಕಾರ್ಡು ಅಂಗಡಿಯ ಮುಂದೆ ಬಿಯರು ಬಾಟಲಿಯ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ಕಿಮೊನೊ ಉಟ್ಟು ನಿಂತು ಹಾಡಿದಳು. ಸಮುದ್ರದ ಗಾಳಿ ಮೈಕಿನಲ್ಲಿ ಬುಸುಗುಡುತ್ತಿತ್ತು. ಮೊದಲು ಏಳೆಂಟು ಜನ. ಪಲ್ಲವಿ ಎರಡನೆಯ ಸಲ ಬರುವಷ್ಟರಲ್ಲಿ ಮೀನು ಕೊಯ್ಯುವ ಹೆಂಗಸರು ರಬ್ಬರು ಬೂಟಿನಲ್ಲೇ ಬಂದು ಸುತ್ತುಗಟ್ಟಿದರು. ಒಬ್ಬಳು ಮುಂಗೈಯಿಂದ ಕಣ್ಣೊರೆಸಿಕೊಂಡಳು.

“ಏನೇ, ಈರುಳ್ಳಿ ಹೆಚ್ಚಿ ಬಂದ್ಯಾ?” ಎಂದು ಪಕ್ಕದವಳು ಕುಟುಕಿದಳು.

“ಸುಮ್ನಿರೇ. ನಮ್ಮೂರು ನೆನಪಾಯ್ತು.”

ಕಿನುಯೊ ದೂರದಲ್ಲಿ ಬಸ್ಸಿನ ಕಂಬಕ್ಕೆ ಒರಗಿ ನಿಂತಿದ್ದಳು. ಹತ್ತಿರ ಹೋಗಲಿಲ್ಲ. ಕೆಲಸದವರು ತಮ್ಮವರ ಹಾಡನ್ನು ಮುಂದೆ ತಳ್ಳಬಾರದೆಂಬ ನಿಯಮ ಕಂಪನಿಯಲ್ಲಿತ್ತು. ಚಿಗುಸಾಗೆ ಬೇರೆ ಹೆಸರಿಟ್ಟು ಹಾಡಿಸುತ್ತಿದ್ದರಿಂದ ಯಾರಿಗೂ ನಂಟು ತಿಳಿದಿರಲಿಲ್ಲ. ಕಿನುಯೊ ನಿಯಮ ಮುರಿಯುವ ಹೆಂಗಸಲ್ಲ. ತಂಗಿ ತನ್ನ ಕಾಲ ಮೇಲೆ ಗೆದ್ದಳು ಅನ್ನಿಸಬೇಕೆಂಬ ಆಸೆಯೂ ಇತ್ತು. ಹೊಸ ರೆಕಾರ್ಡನ್ನು ತಾನೇ ಕೈಯಾರೆ ‘ಅ’ ಕಪಾಟಿನಲ್ಲಿ ಇಟ್ಟು ಬಾಯಿ ಮುಚ್ಚಿಕೊಂಡಿದ್ದಳು.

ಆ ಕಾಲಕ್ಕೆ ಹೆಸರಿಲ್ಲದ ಹಾಡುಗಾರರು ಮೇಲೇರಲು ಇದ್ದದ್ದು ಇದೊಂದೇ ಏಣಿ. ಊರೂರಿನಿಂದ ಯಾವ ಹಾಡನ್ನು ಎಷ್ಟು ಮಂದಿ ಕೇಳಿದರು ಎಂಬ ಲೆಕ್ಕ ತಿಂಗಳಿಗೊಮ್ಮೆ ಟೋಕಿಯೊಗೆ ಹೋಗುತ್ತಿತ್ತು. ಫೋನಿನಲ್ಲಿ ಕೇಳಿ ಹಾಕಿಸಿಕೊಂಡ ಹಾಡುಗಳನ್ನು ಬರೆದಿಟ್ಟ ಚೀಟಿಗಳ ಗೊಂಚಲನ್ನು ಕಿನುಯೊ ದಿನವೂ ತಿರುವಿದಳು. ನವೆಂಬರಿನಲ್ಲಿ ತಂಗಿಯ ಹಾಡಿಗೆ ಮೂರು ಚೀಟಿ. ಡಿಸೆಂಬರಿನಲ್ಲಿ ಎರಡು. ಆಮೇಲೆ ಒಂದೂ ಇಲ್ಲ. ರಬ್ಬರು ಬೂಟಿನ ಹೆಂಗಸರ ಕಣ್ಣೀರು ಏನಾಯಿತೆಂದು ಅವಳಿಗೆ ಅರ್ಥವಾಗಲಿಲ್ಲ. ಜನವೇ ಇಷ್ಟು ಎಂದುಕೊಂಡಳು.

ಮಾರ್ಚಿನಲ್ಲಿ ರೆಕಾರ್ಡು ಕಂಪನಿ ಚಿಗುಸಾಳನ್ನು ಕೈಬಿಟ್ಟಿತು. ಇವಾಬುಚಿ ಫೋನು ಎತ್ತುವುದನ್ನೇ ನಿಲ್ಲಿಸಿದ.

ಜೂನಿನಲ್ಲಿ ಸಂಜೆ ಪಾಳಿಯ ಟೊಕಿಕೊಗೆ ಮದುವೆ ಗೊತ್ತಾಗಿ ಅವಳು ಕೆಲಸ ಬಿಟ್ಟಳು. ಅವಳ ಜಾಗಕ್ಕೆ ಕಿನುಯೊ. ಒಪ್ಪಿಸಿಹೋಗಲು ಬಂದ ಟೊಕಿಕೊ ಬೀಗದ ಕೈ, ಬಾಚಣಿಗೆ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ ಎಲ್ಲ ತೆಗೆದು ಕೊನೆಗೊಂದು ನೀಲಿ ಪುಸ್ತಕ ಕೊಟ್ಟಳು.

“ಇದು ಸಂಜೆ ಪಾಳಿಯದ್ದು, ನಮ್ಮಲ್ಲಿ ಇಲ್ಲದ ಹಾಡುಗಳ ಪುಸ್ತಕ, ಅಕ್ಕಾ. ಯಾರಾದ್ರೂ ಕೇಳಿ ನಮ್ಮಲ್ಲಿ ಸಿಗದಿದ್ರೆ ಇದರಲ್ಲಿ ಬರ್ದಿಡೋದು. ಹೆಡ್ಡಾಫೀಸು ಯಾವತ್ತೂ ನೋಡಲ್ಲ, ಆದ್ರೂ ಬರೀಬೇಕು.”

ಕಿನುಯೊ ಪುಟ ತಿರುವಿದಳು. ನವೆಂಬರು. ವಾತಾಮುಶಿ. ವಾತಾಮುಶಿ. ನಡುವೆ ಬೇರೆ ಯಾವುದೋ ಒಂದು. ಮತ್ತೆ ವಾತಾಮುಶಿ. ಡಿಸೆಂಬರಿನ ಪುಟದಲ್ಲಿ ಟೊಕಿಕೊ ಹೆಸರು ಬರೆಯಲು ಬೇಸತ್ತು ಕೆಳಗೆ ಗೀಟು ಮಾತ್ರ ಎಳೆಯುತ್ತ ಹೋಗಿದ್ದಳು.

“ಇದೇನು?” ಎಂದಳು.

“ಅಯ್ಯೋ ಅದಾ! ಯಾವ್ದೋ ಹುಳದ ಹಾಡಂತೆ. ಆ ಚಳಿಗಾಲ ಪೂರ್ತಿ, ಕೆಲಸ ಬಿಟ್ಟು ಅಂಗಡಿಗೆ ಬರೋರು ಸಂಜೆ ಸಂಜೆ ತಲೆ ತಿಂದ್ರು. ‘ವ’ ಕಪಾಟು ಪೂರ್ತಿ ಮಂಡಿಯೂರಿ ತಡಕಿದೀನಿ. ‘ನಮ್ಮಲ್ಲಿಲ್ಲ ಸ್ವಾಮಿ, ಬೇರೆ ಹೇಳಿ’ ಅಂದೆ. ಒಬ್ಬ ಮುದುಕ ಅಂತೂ ದಿನಾ ಮಾಡ್ತಿದ್ದ. ‘ಇವತ್ತಾದ್ರೂ ಬಂತಾ ತಾಯೀ?’ ಅಂತ. ಪಾಪ, ಆಮೇಲೆ ಬಿಟ್ಟ. ನಿಮಗೆ ಗೊತ್ತಾ ಆ ಹಾಡು?”

“ಇಲ್ಲ,” ಎಂದಳು ಕಿನುಯೊ.

ಜನರ ಬಾಯಲ್ಲಿ ಉಳಿದದ್ದು ಪಲ್ಲವಿ. ಅವರು ಪುಸ್ತಕವನ್ನು ಹಿಂದಿನಿಂದಲೇ ತೆರೆದಿದ್ದರು, ‘ವ’ ಪುಟಕ್ಕೇ ಹೋಗಿದ್ದರು, ಕಾಣದೆ ಫೋನು ಮಾಡಿದ್ದರು. ಹಳೆಯ ಹೆಸರೇ ಇದ್ದಿದ್ದರೆ ಟೊಕಿಕೊ ಒಮ್ಮೆ ಮಂಡಿಯೂರಿದರೆ ಸಾಕಿತ್ತು. ತಾನು ಟೊಕಿಕೊಗೆ ಒಂದೇ ಒಂದು ಮಾತು ಹೇಳಿದ್ದರೂ ಸಾಕಿತ್ತು.

ಅವಳು ಮುಚ್ಚಿಡಲಿಲ್ಲ. ಮರುದಿನವೇ ತಂಗಿಗೆ ಫೋನು ಮಾಡಿ ಎಲ್ಲ ಹೇಳಿದಳು. ಚಿಗುಸಾ, “ಎಷ್ಟು ಜನ ಅಕ್ಕಾ?” ಎಂದಳು.

“ಎಣಿಸ್ಲಿಲ್ಲ ಕಣೇ. ತುಂಬಾ ಜನ.”

“ಹೌದಾ.” ಅಷ್ಟೇ. ಫೋನು ಇಟ್ಟಳು.

ಕಿನುಯೊ ಇವಾಬುಚಿಗೆ ಕಾಗದ ಬರೆದಳು, ರೆಕಾರ್ಡು ಕಂಪನಿಗೆ ನೀಲಿ ಪುಸ್ತಕದ ಪುಟಗಳ ನಕಲು ಕಳಿಸಿದಳು. ಇವಾಬುಚಿ ಉತ್ತರಿಸಲಿಲ್ಲ; ಆ ರೆಕಾರ್ಡಿನ ಅಚ್ಚು ಕರಗಿಸಿಯಾಗಿದೆ ಎಂದು ಕಂಪನಿಯಿಂದ ಎರಡು ಸಾಲು ಬಂತು.

ಒಂಬತ್ತು ವರ್ಷ ತಂಗಿಯ ಮುಖ ಕಾಣಲಿಲ್ಲ. ಅಪ್ಪ ಶ್ವಾಸಕೋಶದಲ್ಲಿ ಕಲ್ಲಿದ್ದಲ ಧೂಳು ತುಂಬಿ ಸತ್ತಾಗ ಚಿಗುಸಾ ಬಂದಳು. ಬಿಸಿನೀರ ಬುಗ್ಗೆಯ ಊರೊಂದರ ವಸತಿಗೃಹದಲ್ಲಿ ಊಟದ ತಟ್ಟೆ ಹೊರುವ ಕೆಲಸವಂತೆ. ದನಿ ಬಿರಿದುಹೋಗಿತ್ತು. ಹೆಣ ಸುಡುವ ಒಲೆ ಆರುವವರೆಗೂ ಇಬ್ಬರೂ ಕಾಯುವ ಕೋಣೆಯಲ್ಲಿ ಚಹಾ ಮುಂದಿಟ್ಟುಕೊಂಡು ಕುಳಿತರು.

“ಹಾಡ್ತೀಯಾ?” ಎಂದಳು ಕಿನುಯೊ.

“ಬಚ್ಚಲು ಉಜ್ಜುವಾಗಲೂ ಇಲ್ಲ.”

“ನನ್ನ ಬೈದುಬಿಡೇ ಚಿಗುಸಾ. ಒಂದ್ಸಲ ಬಾಯ್ತುಂಬಾ ಬೈದುಬಿಡು.”

ಚಿಗುಸಾ ಚಹಾದ ಲೋಟ ತಿರುಗಿಸುತ್ತ ಹೇಳಿದಳು: “ಹೇಗೆ ಬಯ್ಲಿ? ನೀನು ಕೆಟ್ಟದ್ದು ಬಯಸಿದ್ರೆ ಬಯ್ಬಹುದಿತ್ತು. ಒಳ್ಳೇದೇ ಬಯಸಿದೆ. ಅದಕ್ಕೇ ನಿನ್ನ ಮುಖ ನೋಡೋಕಾಗಲ್ಲ ನಂಗೆ.”

ಕರೆ ಬಂತು. ಇಬ್ಬರೂ ಎದ್ದು ಹೋಗಿ, ಅವರ ಪದ್ಧತಿಯಂತೆ ಅಪ್ಪನ ಒಂದೇ ಮೂಳೆಯನ್ನು ಎರಡು ಜೊತೆ ಕಡ್ಡಿಗಳಿಂದ ಹಿಡಿದೆತ್ತಿ ಕುಡಿಕೆಗೆ ಹಾಕಿದರು. ಸಂಜೆಯ ರೈಲಿಗೇ ಅವಳು ಹೊರಟುಹೋದಳು. ಆಮೇಲೆ ಬರೆದ ಎರಡು ಕಾಗದಗಳು ವಿಳಾಸದಾರರಿಲ್ಲವೆಂದು ವಾಪಸು ಬಂದವು. ವಸತಿಗೃಹಕ್ಕೇ ಹೋಗಿ ವಿಚಾರಿಸಿದರೆ, “ಚಳಿಗಾಲಕ್ಕೆ ಮುಂಚೇನೇ ಬಿಟ್ಟುಹೋದ್ರಲ್ಲಾ. ಎಲ್ಲಿಗೆ ಅಂತ ಹೇಳ್ಲಿಲ್ಲ,” ಎಂದರು.

ಆಮೇಲಿನದು ಹೇಳುವಷ್ಟೇನಿಲ್ಲ. ಹಾಡುಗಳು ಟೋಕಿಯೊದಿಂದ ನೇರ ಬರತೊಡಗಿ ಕುಶಿರೊದ ಮಹಡಿಗೆ ಬೀಗ ಬಿತ್ತು. ಕಿನುಯೊ ಮೀನಿನ ಕಾರ್ಖಾನೆ ಸೇರಿ, ಬೆರಳು ಮಡಿಸಲಾಗದವರೆಗೆ ದುಡಿದಳು. ಮದುವೆಯ ಮಾತು ಒಮ್ಮೆ ಬಂದಿತ್ತು, ಅವಳೇ ಒಲ್ಲೆನೆಂದಳು.

ಹೋದ ವರ್ಷ, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ನಗರಸಭೆಯ ಬಾಡಿಗೆ ಮನೆಗಾಗಿ ಅರ್ಜಿ ಹಾಕಲು ಹೋದಾಗ ಗಾಜಿನಾಚೆಯ ಹುಡುಗಿ ಕೇಳಿದಳು: “ಹತ್ತಿರದ ನೆಂಟರು ಯಾರಿದ್ದಾರೆ ಅಜ್ಜಿ? ಏನಾದ್ರೂ ಆದ್ರೆ ತಿಳಿಸೋದಕ್ಕೆ.”

“ತಂಗಿ ಇದ್ದಾಳೆ.”

“ಎಲ್ಲಿರ್ತಾರೆ?”

“ಗೊತ್ತಿಲ್ಲ.”

“ಬದುಕಿದ್ದಾರಾ?”

“ಅದೂ ಗೊತ್ತಿಲ್ಲಮ್ಮಾ.”

ಹುಡುಗಿ ಪೆನ್ನನ್ನು ಆ ಖಾಲಿ ಸಾಲಿನ ಮೇಲಿಟ್ಟಳು. “ಹಾಗಾದ್ರೆ ಇಲ್ಲ ಅಂತ ಬರ್ಕೊಳ್ಲಾ ಅಜ್ಜಿ? ಖಾಲಿ ಬಿಟ್ರೆ ಅರ್ಜಿ ಮುಂದಕ್ಕೆ ಹೋಗಲ್ಲ.”

ಹಿಂದೆ ಸಾಲಿನಲ್ಲಿ ನಿಂತಿದ್ದವರೊಬ್ಬರು ಕೆಮ್ಮಿದರು.

“ಬರ್ಕೊಳ್ಳಮ್ಮ,” ಎಂದಳು ಕಿನುಯೊ.